ಹಳೆಯ ಸಾಮಾನಿಗೆ ಅಂಟಿದ ಸಿಗರೇಟಿನ ವಾಸನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಹಳೆಯ ಪೀಠೋಪಕರಣಗಳನ್ನು ದುರಸ್ತಿ ಮಾಡಿ ಮಾರುವುದು ನನ್ನ ಕೆಲಸ. ಎಸ್ಟೇಟ್ ಬಂಗಲೆ ಖಾಲಿ ಮಾಡುವಾಗ ಹೊರಬಿದ್ದ ಬೀಟೆ ಮರದ ಕುರ್ಚಿ, ಹಾಸನದ ಸಂತೆಪೇಟೆ ಕಡೆ ಅಗ್ಗಕ್ಕೆ ಸಿಕ್ಕ ಬೀರು, ವರ್ಗವಾದ ಅಧಿಕಾರಿಯೊಬ್ಬರು ಮಾರಿ ಹೋದ ಸೋಫಾ. ಇಂಥವನ್ನು ಕೊಂಡವರು ಕೆಲವೇ ದಿನಗಳಲ್ಲಿ ಫೋನ್ ಮಾಡಿದರೆ ಅದು ಗೆದ್ದಲಿನ ವಿಷಯಕ್ಕೆ, ಇಲ್ಲವೇ ಹೊಗೆ ವಾಸನೆಯ ವಿಷಯಕ್ಕೆ. ಗೆದ್ದಲಿನ ಮಾತು ಇನ್ನೊಮ್ಮೆ ಆಗಲಿ. ಹೊಗೆಯ ಬಗ್ಗೆ ಅಂಗಡಿಯಲ್ಲಿ, ಪತ್ರಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಈ ಮೇಜಿನ ಹತ್ತಿರ ಸಿಗರೇಟು ಸೇದಿ ಎಷ್ಟೋ ವರ್ಷಗಳಾಗಿವೆ. ಹೊಗೆ ಗಾಳಿಯಲ್ಲಿ ಹೋಗಬೇಕಿತ್ತಲ್ಲ, ವಾಸನೆ ಏಕೆ ಉಳಿದಿದೆ?

ಕಣ್ಣಿಗೆ ಕಾಣುವ ಹೊಗೆ ಎಂದರೆ ಟಾರ್ ಎಂಬ ಜಿಗುಟು ಪದಾರ್ಥದ ಅತಿ ಸಣ್ಣ ಹನಿಗಳು. ಗಾಳಿ ಹೋಗುತ್ತದೆ, ಹನಿಗಳು ಸಿಕ್ಕಿದ ಮೈಗೆ ಅಂಟುತ್ತವೆ. ಜೊತೆಗೆ ನಿಕೋಟಿನ್ ಆವಿಯಾಗಿ ಬಂದು ಬಟ್ಟೆ, ಸ್ಪಂಜು, ಪಾಲಿಶ್ ಕಾಣದ ಮರ, ಗೋಡೆಯ ಬಣ್ಣ ಇವುಗಳೊಳಗೆ ಇಳಿಯುತ್ತದೆ. ಹೀಗೆ ಇಳಿದದ್ದು ಬಹಳ ನಿಧಾನವಾಗಿ, ವರ್ಷಗಟ್ಟಲೆ, ಮತ್ತೆ ಹೊರಗೆ ಬರುತ್ತಿರುತ್ತದೆ. ನಿಮ್ಮ ಮೂಗಿಗೆ ತಾಗುತ್ತಿರುವುದು ಅದು. ಆದ್ದರಿಂದ ವಾಸನೆಯ ಮೇಲೆ ಇನ್ನೊಂದು ವಾಸನೆ ಸಿಂಪಡಿಸಿ ಉಪಯೋಗವಿಲ್ಲ. ಅಂಟಿದ ಪದಾರ್ಥವನ್ನು ತೆಗೆಯಬೇಕು, ತೆಗೆಯಲಾಗದಿದ್ದರೆ ಹೊರಬರದಂತೆ ಮುಚ್ಚಬೇಕು, ಎರಡೂ ಆಗದಿದ್ದರೆ ಆ ಭಾಗವನ್ನೇ ಬದಲಾಯಿಸಬೇಕು. ಮುಂದಿನ ಉತ್ತರಗಳೆಲ್ಲ ಈ ಮೂರರೊಳಗೇ ಸುತ್ತುತ್ತವೆ.

ಅಂಗಡಿಯಲ್ಲಿ ಮೂಸಿದಾಗ ಏನೂ ಇರಲಿಲ್ಲ. ಮನೆಗೆ ತಂದು ರಾತ್ರಿ ಬಾಗಿಲು ಹಾಕಿದ ಮೇಲೆ ಮೂಗಿಗೆ ಹೊಡೆಯಿತು. ಅಂಗಡಿಯವರು ಮೋಸ ಮಾಡಿದರೇ?

ಮಾಡಿರಲೂಬಹುದು, ಆದರೆ ಮೋಸವಿಲ್ಲದೆಯೂ ಹೀಗಾಗುತ್ತದೆ. ಹಳೆ ಸಾಮಾನಿನ ಅಂಗಡಿಗಳು ರಸ್ತೆಗೆ ತೆರೆದುಕೊಂಡಿರುತ್ತವೆ, ಗಾಳಿ ಆಡುತ್ತಿರುತ್ತದೆ. ಮುಚ್ಚಿದ ಕೋಣೆಯಲ್ಲಿ ವಾಸನೆ ಸೇರಿಕೊಳ್ಳುತ್ತದೆ. ಬಿಸಿಲಿನಲ್ಲಿ ನಿಂತ ಕಾರು, ತೇವದ ಗಾಳಿ ಎರಡೂ ಒಳಗೆ ಇಳಿದದ್ದನ್ನು ಹೊರಗೆ ತಳ್ಳುತ್ತವೆ. ಒಣ ಹವೆಯ ಅರಸೀಕೆರೆಯಲ್ಲಿ ಸುಮ್ಮನಿದ್ದ ಸೋಫಾ ಶೃಂಗೇರಿಗೆ ಬಂದು ಮಾತನಾಡಲು ಶುರು ಮಾಡಿದ್ದನ್ನು ನಾನು ಕಂಡಿದ್ದೇನೆ.

ಹಾಗಾದರೆ ಕೊಳ್ಳುವ ಮೊದಲೇ ಕಂಡುಹಿಡಿಯುವುದು ಹೇಗೆ?

ಮೇಲ್ಮೈಯನ್ನು ಮೂಸಬೇಡಿ, ಅದನ್ನು ಅಂಗಡಿಯವರು ಒರೆಸಿರುತ್ತಾರೆ. ಡ್ರಾಯರ್ ಪೂರ್ತಿ ಎಳೆದು ಅದರ ಗೂಡಿನೊಳಗೆ ಮೂಗಿಡಿ. ಮೇಜನ್ನು ಬಗ್ಗಿಸಿ ಅಡಿಭಾಗ ನೋಡಿ. ದಿಂಬಿನ ಜಿಪ್ ಬಿಚ್ಚಿ ಸ್ಪಂಜನ್ನು ಅಂಗೈಯಿಂದ ಒತ್ತಿ. ಒತ್ತಿದಾಗ ಹೊರಬರುವ ಗಾಳಿ ಸುಳ್ಳು ಹೇಳುವುದಿಲ್ಲ. ಒಂದು ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಯಾರೂ ಒರೆಸದ ಮೂಲೆಯಲ್ಲಿ ಉಜ್ಜಿ ನೋಡಿ, ಹಳದಿ ಕಂದು ಬಣ್ಣ ಹತ್ತಿದರೆ ಟಾರ್ ಇದೆ ಎಂದು ಹೆಚ್ಚುಕಡಿಮೆ ಖಚಿತ.

ಮೂಗು ಬೇಗ ಒಗ್ಗಿಹೋಗುತ್ತದೆ. ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದು ಮತ್ತೊಮ್ಮೆ ನೋಡಿ. ಮನೆಯಲ್ಲಿ ಯಾರಾದರೂ ಸೇದುವವರಿದ್ದರೆ ನಿಮ್ಮ ಮೂಗನ್ನು ನಂಬದೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗುವುದು ಮೇಲು.

ಇದು ಸಿಗರೇಟಿನದೋ, ಬಚ್ಚಲ ಒಲೆಯದೋ, ಬರೀ ಮುಗ್ಗಲೋ? ನಮ್ಮ ಮನೆಯಲ್ಲೇ ಒಮ್ಮತವಿಲ್ಲ.

ಮಲೆನಾಡಿನ ಮನೆಗಳಲ್ಲಿ ಈ ಗೊಂದಲ ಸಹಜ. ಅಟ್ಟದಿಂದ ಇಳಿದ ಪೆಟ್ಟಿಗೆಗೆ ಸೌದೆ ಹೊಗೆಯ ವಾಸನೆ ಇರುತ್ತದೆ. ಒರೆಸಿದರೆ ಸಾಮಾನ್ಯವಾಗಿ ಕಪ್ಪು ಮಸಿ ಬರುತ್ತದೆ, ಮೂಸಿದರೆ ಅಸಹ್ಯ ಎನಿಸುವುದಿಲ್ಲ. ಮುಗ್ಗಲು ಬಂದಿದ್ದರೆ ಎಲ್ಲೋ ಬೂಷ್ಟು ಇದೆ, ಬಿಳಿಯ ಅಥವಾ ಹಸಿರು ಚುಕ್ಕೆಗಳನ್ನು ಹುಡುಕಿ. ಸಿಗರೇಟಿನ ಹಳೆಯ ವಾಸನೆ ಹುಳಿ, ಕಹಿ ಎರಡೂ ಬೆರೆತಂತೆ ಗಂಟಲಿಗೆ ಹಿಡಿಯುತ್ತದೆ.

ಅರಕಲಗೂಡು, ರಾಮನಾಥಪುರದ ಕಡೆಯವರಿಗೆ ನಾಲ್ಕನೆಯ ಸಾಧ್ಯತೆಯೂ ಇದೆ. ಬ್ಯಾರನ್‌ನಲ್ಲಿ (ಎಲೆಯನ್ನು ಬಿಸಿಗಾಳಿಯಲ್ಲಿ ಹದ ಮಾಡುವ ಕೋಣೆಯಲ್ಲಿ) ಬೇಯಿಸಿದ ಹೊಗೆಸೊಪ್ಪಿನ ಪಕ್ಕದಲ್ಲಿ ಇದ್ದ ಸಾಮಾನಿಗೆ ಒಣಹುಲ್ಲಿನಂಥ ಸಿಹಿ ವಾಸನೆ ಇರುತ್ತದೆ. ಅದು ಸುಟ್ಟ ಹೊಗೆಯದಲ್ಲ; ಕೆಲವು ದಿನ ಗಾಳಿಗೆ ಇಟ್ಟರೆ ಬಹುಪಾಲು ಹೋಗುತ್ತದೆ.

ಬೀಡಿ ಸೇದಿದ ಮನೆಯ ಸಾಮಾನಿಗೂ ಇದೇ ಚಿಕಿತ್ಸೆಯೇ?

ಹೌದು. ಟಾರ್ ಮತ್ತು ನಿಕೋಟಿನ್ ಅಲ್ಲಿಯೂ ಇವೆ, ಕಡಿಮೆಯೇನಲ್ಲ.

## ಅಡುಗೆಮನೆಯ ಮದ್ದುಗಳು

ಚಿಕ್ಕಮಗಳೂರಿನಲ್ಲಿದ್ದುಕೊಂಡು ಕಾಫಿಪುಡಿ ಇಡಿ ಎಂದು ನೀವು ಏಕೆ ಹೇಳುವುದಿಲ್ಲ?

ಎಲ್ಲರೂ ಹೇಳುತ್ತಾರೆ, ಅದಕ್ಕೆ. ಕಾಫಿ ಬೇರೆ ವಾಸನೆಯನ್ನು ಹೀರಿಕೊಳ್ಳುವುದು ನಿಜ. ಬೆಳೆಗಾರರು ಬೀಜದ ಮೂಟೆಗಳನ್ನು ಗೊಬ್ಬರ, ಔಷಧಿ, ಮೆಣಸಿನ ಹತ್ತಿರ ಇಡದಿರುವುದು ಇದೇ ಕಾರಣಕ್ಕೆ. ಆದರೆ ಹುರಿದ ಪುಡಿ ಹೀರುವುದಕ್ಕಿಂತ ಹೆಚ್ಚಾಗಿ ತನ್ನದೇ ಪರಿಮಳವನ್ನು ಬಿಡುತ್ತದೆ. ಕೆಲವು ದಿನ ಬೀರು ತುಂಬ ಕಾಫಿ ಘಮಘಮಿಸುತ್ತದೆ, ಘಮ ಇಳಿದ ಮೇಲೆ ಕೆಳಗಿನ ಹೊಗೆ ತಲೆ ಎತ್ತುತ್ತದೆ. ಬಟ್ಟೆಯ ಮೇಲೆ ಚೆಲ್ಲಿದರೆ ಕಲೆ ಬೇರೆ. ಒಳ್ಳೆಯ ಪುಡಿಯನ್ನು ಫಿಲ್ಟರಿಗೆ ಹಾಕಿ, ಮುಂದಿನ ಕೆಲಸಕ್ಕೆ ಉತ್ಸಾಹವಾದರೂ ಬರುತ್ತದೆ.

ಅಡುಗೆ ಸೋಡಾ ಒಳ್ಳೆಯದೋ ವಿನೆಗರ್ ಒಳ್ಳೆಯದೋ? ಎರಡನ್ನೂ ಕಲಸಿದರೆ ಇನ್ನೂ ಬಲವಲ್ಲವೇ?

ಕಲಸಿದರೆ ಬುರುಗು ಬರುತ್ತದೆ, ನೋಡಲು ಚೆಂದ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಒಂದನ್ನೊಂದು ತಿಂದುಹಾಕಿ ಕೊನೆಗೆ ಉಳಿಯುವುದು ಯಾವ ಬಲವೂ ಇಲ್ಲದ ಉಪ್ಪುನೀರು.

ಬೇರೆ ಬೇರೆಯಾಗಿ ನೋಡೋಣ. ನಿಕೋಟಿನ್ ಕ್ಷಾರ ಗುಣದ್ದು. ವಿನೆಗರ್‌ನಂಥ ಆಮ್ಲ ತಾಗಿದಾಗ ಅದು ಲವಣವಾಗುತ್ತದೆ. ಲವಣ ಗಾಳಿಗೆ ಏಳುವುದಿಲ್ಲ, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಆದ್ದರಿಂದ ವಿನೆಗರ್ ಹಚ್ಚಿದ ಮೇಲೆ ಶುದ್ಧ ನೀರಿನಿಂದ ಒರೆಸಿ ತೆಗೆಯುವುದೇ ಮುಖ್ಯ ಹೆಜ್ಜೆ. ಬಹಳ ಜನ ಹಚ್ಚಿ ಹಾಗೆಯೇ ಬಿಡುತ್ತಾರೆ, ಆಮೇಲೆ ವಿನೆಗರ್ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಟಾರ್ ಎಣ್ಣೆಯ ಜಾತಿ. ಅದಕ್ಕೆ ಸೋಪು ಬೇಕು, ಬೆಚ್ಚಗಿನ ನೀರು ಬೇಕು. ಅಡುಗೆ ಸೋಡಾ ಒಡೆದ ಹಾಲು, ಬೆವರಿನಂಥ ಹುಳಿ ವಾಸನೆಗಳಿಗೆ ಒಳ್ಳೆಯದು. ಹೊಗೆಯಲ್ಲಿಯೂ ಒಂದಷ್ಟು ಆಮ್ಲಗಳಿರುವುದರಿಂದ ಸ್ವಲ್ಪ ತಗ್ಗಿಸುತ್ತದೆ, ಆದರೆ ನಿಕೋಟಿನ್ ಅದಕ್ಕೆ ಸಿಗುವುದಿಲ್ಲ.

ಕ್ರಮ ಹೀಗಿರಲಿ: ಮೊದಲು ಸೋಪು, ಆಮೇಲೆ ನೀರು ಬೆರೆಸಿದ ಬಿಳಿ ವಿನೆಗರ್, ಕೊನೆಗೆ ಬರೀ ನೀರು. ವಿನೆಗರ್ ಬದಲು ಹುಣಸೆ ಅಥವಾ ಉಪ್ಪಾಗೆ ಹುಳಿ ಆಗುವುದೇ ಎಂದು ಕೇಳಿದವರಿದ್ದಾರೆ. ಬಣ್ಣ ಹಿಡಿಯುತ್ತದೆ, ಸಾರಿಗೆ ಇಟ್ಟುಕೊಳ್ಳಿ. ಅಮೃತಶಿಲೆಯ ಮೇಲೆ ಯಾವ ಹುಳಿಯನ್ನೂ ಹಾಕಬೇಡಿ, ಮೈ ತಿಂದುಹೋಗುತ್ತದೆ.

ಬ್ಲೀಚಿಂಗ್ ಪೌಡರ್ ಹಾಕಿ ಜೊತೆಗೆ ವಿನೆಗರ್ ಹಾಕಬಹುದೇ?

ಖಂಡಿತ ಬೇಡ. ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಸಾಂಬ್ರಾಣಿ ಹಾಕಿದರೆ ಎಲ್ಲ ವಾಸನೆಯೂ ಹೋಗುತ್ತದೆ ಎಂದು ಅತ್ತೆ ಹೇಳುತ್ತಾರೆ. ನುಸಿ ಗುಳಿಗೆ ಇಡಿ ಎಂದು ಅತ್ತಿಗೆ.

ಸಾಂಬ್ರಾಣಿಯೂ ಹೊಗೆಯೇ. ಹೊಗೆ ಹಿಡಿದ ಮರಕ್ಕೆ ಇನ್ನೊಂದು ಹೊಗೆ ಹಿಡಿಸಿದಂತಾಗುತ್ತದೆ. ಪೂಜೆಗೆ ಹಾಕಿ, ಅತ್ತೆಯವರಿಗೂ ಸಮಾಧಾನ. ನುಸಿ ಗುಳಿಗೆಯ ವಾಸನೆ ಬೀರುವಿನಿಂದ ಹೋಗುವುದು ಸಿಗರೇಟಿಗಿಂತ ಕಷ್ಟ, ಮಗುವಿನ ಕೈಗೆ ಸಿಕ್ಕಿದರೆ ವಿಷ.

ಬಚ್ಚಲ ಒಲೆಯ ಇದ್ದಿಲು ಇಟ್ಟರೆ ಸಾಕೇ, ಅಥವಾ ಅಂಗಡಿಯ ಇದ್ದಿಲೇ ಬೇಕೇ?

ಒಲೆಯ ಇದ್ದಿಲಿನ ರಂಧ್ರಗಳು ಬಹುಪಾಲು ಮುಚ್ಚಿಕೊಂಡಿರುತ್ತವೆ. ಅಂಗಡಿಯಲ್ಲಿ ಸಿಗುವ ಸಕ್ರಿಯ ಇದ್ದಿಲನ್ನು ಅತಿ ಹೆಚ್ಚಿನ ಶಾಖದಲ್ಲಿ, ಹಬೆ ಹಾಯಿಸಿ, ಆ ರಂಧ್ರಗಳು ತೆರೆದುಕೊಳ್ಳುವಂತೆ ಮಾಡಿರುತ್ತಾರೆ; ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಿದರೆ 500 ಚದರ ಮೀಟರ್ ದಾಟುತ್ತದೆ. ಅದರಲ್ಲಿ ಒಳ್ಳೆಯದು ತೆಂಗಿನ ಕರಟದಿಂದ ಮಾಡಿದ್ದು. ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ, ನೀರಿನ ಫಿಲ್ಟರ್ ಅಂಗಡಿಗಳಲ್ಲಿ ಸಿಗುತ್ತದೆ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಮುಚ್ಚಿದ ಜಾಗದಲ್ಲಿ ಇಡಿ. ತೆರೆದ ಹಾಲ್‌ನಲ್ಲಿ ಒಂದು ಬಟ್ಟಲು ಇಟ್ಟು ಪವಾಡ ನಿರೀಕ್ಷಿಸಬೇಡಿ.

## ಯಾವ ವಸ್ತುವಿಗೆ ಏನು

ಸ್ಟೀಲ್ ಬೀರು, ಪಿಂಗಾಣಿ, ಹಿತ್ತಾಳೆ ಸಾಮಾನು?

ಇವು ಹೀರುವುದಿಲ್ಲ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಮುಗಿಯಿತು. ಬೀರುವಿನಲ್ಲಿ ಲಾಕರಿಗೆ ಅಂಟಿಸಿದ ಬಟ್ಟೆ ಇದ್ದರೆ ಕಿತ್ತು ಹಾಕಿ.

ಪರದೆ, ಉಣ್ಣೆಯ ಕೋಟು, ರೇಷ್ಮೆ ಸೀರೆ ಒಟ್ಟಿಗೆ ಬಂದಿವೆ. ಒಂದೇ ಬಕೆಟ್ಟಿಗೆ ಹಾಕಬಹುದೇ?

ಬೇಡ. ಹತ್ತಿಯ ಪರದೆಗಳನ್ನು ಬಿಸಿನೀರು ಮತ್ತು ವಾಷಿಂಗ್ ಸೋಡಾದಲ್ಲಿ ರಾತ್ರಿ ನೆನೆಸಿ ಒಗೆಯಿರಿ; ಬೆಳಿಗ್ಗೆ ನೀರು ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಬರಿಯಾಗದೆ ಇನ್ನೊಮ್ಮೆ ನೆನೆಸಿ. ಜಾಲಿಸುವಾಗ ಒಂದು ನೀರಿಗೆ ಸ್ವಲ್ಪ ವಿನೆಗರ್. ಉಣ್ಣೆಗೆ ಸೋಡಾ ತಾಗಿದರೆ ಎಳೆ ಹಾಳಾಗುತ್ತದೆ. ತಣ್ಣೀರಿನಲ್ಲಿ ಅಂಟುವಾಳದ ನೊರೆ ಮಾಡಿ ಅದ್ದಿ, ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ಚಾಪೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ. ಒಳಗೆ ಗಟ್ಟಿ ಅಸ್ತರಿ ಹೊಲಿದ ಕೋಟನ್ನು, ಜರಿ ಇರುವ ಸೀರೆಯನ್ನು ಡ್ರೈಕ್ಲೀನ್‌ಗೆ ಕೊಡುವುದೇ ಸರಿ; ಕೊಡುವಾಗ ಹೊಗೆ ವಾಸನೆ ಎಂದು ಬಾಯಿಬಿಟ್ಟು ಹೇಳಿ.

ಬಂಗಲೆಯಿಂದ ಬಂದ ಬೀಟೆ ಮರದ ಕಪಾಟು. ಹೊರಗೆ ಒರೆಸಿ ಒರೆಸಿ ಸಾಕಾಯಿತು, ಬಾಗಿಲು ತೆಗೆದರೆ ಮತ್ತೆ ಅದೇ ವಾಸನೆ.

ಹೊರಗೆ ಪಾಲಿಶ್ ಇದೆ, ಅದರೊಳಗೆ ಹೊಗೆ ಇಳಿದಿರುವುದು ಕಡಿಮೆ. ವಾಸನೆ ಇರುವುದು ಪಾಲಿಶ್ ಕಾಣದ ಕಡೆಗಳಲ್ಲಿ: ಹಿಂಬದಿಯ ಹಲಗೆ, ಡ್ರಾಯರಿನ ತಳ, ಶೆಲ್ಫಿನ ಅಡಿಮೈ. ಹಳೆಯ ಬಡಗಿಗಳು ಕಾಣುವ ಕಡೆ ಬೀಟೆ ಹಾಕಿ ಕಾಣದ ಕಡೆ ಅಗ್ಗದ ಹಗುರ ಮರ ಹಾಕುತ್ತಿದ್ದರು. ಆ ಮರ ಹೊಗೆಯನ್ನು ಚೆನ್ನಾಗಿ ಕುಡಿಯುತ್ತದೆ.

ಡ್ರಾಯರುಗಳನ್ನೆಲ್ಲ ಹೊರತೆಗೆಯಿರಿ. ಒಳಗೆ ಅಂಟಿಸಿದ ಹಳೆಯ ಕಾಗದ ಕೀಳಿ, ಅರ್ಧ ವಾಸನೆ ಅದರಲ್ಲೇ ಇರಬಹುದು. ಪಾಲಿಶ್ ಕಾಣದ ಮರವನ್ನು ಸೋಪುನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ. ಆಮೇಲೆ ಒಂದು ಪಾಲು ವಿನೆಗರ್‌ಗೆ ಮೂರು ಪಾಲು ನೀರು, ಮತ್ತೆ ಬರೀ ನೀರು. ನೀರು ಸುರಿಯಬಾರದು, ಹಲಗೆ ಬಾಗುತ್ತದೆ, ಸರೇಸು ಬಿಡುತ್ತದೆ. ನೆರಳಿನಲ್ಲಿ, ಗಾಳಿಯಲ್ಲಿ, ಪೂರ್ತಿ ಒಣಗಲಿ. ನೇರ ಬಿಸಿಲು ಹಳೆಯ ಪಾಲಿಶನ್ನು ಸೀಳಿಸುತ್ತದೆ.

ಇಷ್ಟಾದ ಮೇಲೂ ವಾಸನೆ ಇದ್ದರೆ ಒಳಮೈಯನ್ನು ಉಪ್ಪುಕಾಗದದಿಂದ ಲಘುವಾಗಿ ಉಜ್ಜಿ, ಮಾಸ್ಕ್ ಹಾಕಿಕೊಂಡು. ಧೂಳು ತೆಗೆದು ಅರಗಿನ ಪಾಲಿಶ್ ಎರಡು ತೆಳು ಲೇಪ ಕೊಡಿ. ಸ್ಪಿರಿಟ್‌ನಲ್ಲಿ ಅರಗನ್ನು ಕರಗಿಸಿ ಮಾಡುವ, ಬಡಗಿಗಳು ಫ್ರೆಂಚ್ ಪಾಲಿಶ್ ಎನ್ನುವ ಅದೇ ಪಾಲಿಶ್. ಹೊಗೆಯ ವಾಸನೆಯನ್ನು ಒಳಗೇ ಹಿಡಿದಿಡುವುದರಲ್ಲಿ ಅರಗಿಗೆ ಸಮನಾದದ್ದು ಕಡಿಮೆ, ನೀರಿನಲ್ಲಿ ಕಲಸುವ ಬಣ್ಣಗಳ ಮೂಲಕ ಕಂದು ಕಲೆ ಮತ್ತೆ ಮೇಲೆ ಬರುತ್ತದೆ. ಸ್ಪಿರಿಟ್ ಬೆಂಕಿ ಹತ್ತುವ ವಸ್ತು. ಒಲೆ, ದೀಪ ದೂರವಿರಲಿ. ಇನ್ನೊಂದು ಎಚ್ಚರ: ಹಳೆಯ ಸಾಮಾನಿನ ಹೊರಮೈಯ ಪಾಲಿಶ್ ಕೂಡ ಬಹುಮಟ್ಟಿಗೆ ಅರಗಿನದೇ. ಅದರ ಮೇಲೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿ ಒರೆಸಿದರೆ ಪಾಲಿಶ್ ಕರಗಿ ಕೈಗೆ ಬರುತ್ತದೆ.

ಒತ್ತಿದ ಪುಡಿಯ ಹಲಗೆಯ ಕಪಾಟಿಗೆ ಇಷ್ಟು ಶ್ರಮ ಬೇಡ. ಅದು ಅಷ್ಟು ಬೆಲೆಬಾಳುವುದಿಲ್ಲ.

ಸೋಫಾ ಮೇಲೆ ಏನೇನೋ ಸಿಂಪಡಿಸಿದೆ. ಕುಳಿತ ಕೂಡಲೇ ಹೊಗೆ ಏಳುತ್ತದೆ.

ಸ್ಪಂಜನ್ನು ಮೇಲಿನಿಂದ ತೊಳೆಯಲಾಗದು. ನೆನೆದರೆ ಒಳಗೆ ಒಣಗದೆ ಬೂಷ್ಟು ಹಿಡಿಯುತ್ತದೆ, ಆಗ ಎರಡು ವಾಸನೆ. ಕುಶನ್ ಕೆಲಸದವರನ್ನು ಕರೆದು ಸ್ಪಂಜು, ಮೇಲುಬಟ್ಟೆ, ಒಳಗಿನ ನಾರು ಎಲ್ಲವನ್ನೂ ತೆಗೆಸಿ, ಮರದ ಚೌಕಟ್ಟನ್ನು ಮಾತ್ರ ಉಳಿಸಿಕೊಳ್ಳಿ. ಚೌಕಟ್ಟು ತೇಗದ್ದೋ ಹಲಸಿನದ್ದೋ ಆಗಿದ್ದರೆ ಈ ಖರ್ಚು ದಂಡವಲ್ಲ. ಕೊಳ್ಳುವಾಗಲೇ ಕುಶನ್ ಖರ್ಚನ್ನು ಕೇಳಿ ತಿಳಿದುಕೊಂಡು ಅಷ್ಟನ್ನು ಬೆಲೆಯಲ್ಲಿ ಇಳಿಸಿ.

ಹಾಸಿಗೆ?

ಕೊಳ್ಳಬೇಡಿ. ಹತ್ತಿ ಹಿಂಜಿಸಿದರೂ ವಾಸನೆ ಹತ್ತಿಯಲ್ಲೇ ಉಳಿಯುತ್ತದೆ.

ನಿವೃತ್ತ ಮೇಷ್ಟ್ರೊಬ್ಬರ ಪುಸ್ತಕಗಳನ್ನು ಕೊಂಡೆ. ಪುಟ ತಿರುಗಿಸಿದರೆ ಕೆಮ್ಮು. ಬಿಸಿಲಿಗೆ ಇಡಲೇ?

ಒಂದೆರಡು ಗಂಟೆ ಎಳೆಬಿಸಿಲು ಸಾಕು, ದಿನವಿಡೀ ಇಟ್ಟರೆ ಕಾಗದ ಹಳದಿಯಾಗಿ ಮುರಿಯುತ್ತದೆ. ಆಮೇಲೆ ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪುಸ್ತಕಗಳನ್ನು ಪುಟ ಬಿಡಿಸಿ ನಿಲ್ಲಿಸಿ, ತಳದಲ್ಲಿ ಸಕ್ರಿಯ ಇದ್ದಿಲಿನ ಗಂಟು ಇಡಿ, ಇದ್ದಿಲು ಕಾಗದಕ್ಕೆ ತಾಗದಿರಲಿ. ವಾರಗಳು ಹಿಡಿಯುತ್ತವೆ. ಲ್ಯಾಮಿನೇಟ್ ಆದ ರಕ್ಷಾಪುಟವನ್ನು ಹಿಂಡಿದ ಬಟ್ಟೆಯಿಂದ ಒರೆಸಬಹುದು. ಪುಟಗಳ ಮೇಲೆ ಯಾವ ದ್ರವವನ್ನೂ ಸಿಂಪಡಿಸಬೇಡಿ, ಸೋಡಾ ಪುಡಿಯನ್ನೂ ತುಂಬಬೇಡಿ. ಹೊಲಿಗೆಯ ಸಂದಿಗೆ ಹೋದ ಪುಡಿ ಮತ್ತೆ ಬರುವುದಿಲ್ಲ.

## ಮಳೆ, ಬಿಸಿಲು, ಕಾಲ

ನಮ್ಮದು ಮೂಡಿಗೆರೆ. ಜೂನ್‌ನಲ್ಲಿ ಸಾಮಾನು ಬಂತು. ಒಣಗಿಸುವುದು ಎಲ್ಲಿ?

ಕಡೂರು, ಅರಸೀಕೆರೆಯವರಿಗೆ ಈ ಪ್ರಶ್ನೆ ಅರ್ಥವೇ ಆಗುವುದಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದವರಿಗೆ ನನ್ನ ಸಲಹೆ: ಮಳೆಗಾಲದಲ್ಲಿ ಒದ್ದೆ ಮಾಡುವ ಯಾವ ಕೆಲಸವನ್ನೂ ಶುರು ಮಾಡಬೇಡಿ. ಒಣಬಟ್ಟೆಯಿಂದ ಧೂಳು ತೆಗೆದು, ಡ್ರಾಯರಿನೊಳಗೆ ಇದ್ದಿಲಿನ ಗಂಟು ಇಟ್ಟು, ಮಲಗುವ ಕೋಣೆಯಿಂದ ದೂರವಿಟ್ಟು ಕಾಯಿರಿ. ಜನವರಿಯಿಂದ ಹೂಮಳೆ ಬೀಳುವವರೆಗಿನ ಒಣಗಾಳಿ ನಿಮ್ಮ ಕೆಲಸದ ಕಾಲ.

ಆ ಹೊತ್ತಿಗೆ ಅಂಗಳದ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಜಾಗ ಖಾಲಿ ಕಂಡಿತೆಂದು ಹೊಗೆ ಹಿಡಿದ ಕಂಬಳಿಯನ್ನು ಅದರ ಪಕ್ಕದಲ್ಲಿ ಹರಡಬೇಡಿ. ಕಾಫಿಯ ಗುಣವನ್ನು ಮೇಲೆಯೇ ಹೇಳಿದ್ದೇನೆ, ಯಜಮಾನರು ನನ್ನನ್ನು ಬೈಯುತ್ತಾರೆ.

## ಕಷ್ಟದ ಪ್ರಕರಣಗಳು

ಸೆಕೆಂಡ್ ಹ್ಯಾಂಡ್ ಕಾರು. ಮಳೆಯಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಗಾಜು ಏರಿಸಿ ಎಸಿ ಹಾಕಿದರೆ ಕುಳಿತುಕೊಳ್ಳಲಾಗುವುದಿಲ್ಲ.

ಎಸಿ ಹಾಕಿದಾಗ ಹೆಚ್ಚುವುದಾದರೆ ಮೊದಲು ಕ್ಯಾಬಿನ್ ಫಿಲ್ಟರ್ ಬದಲಾಯಿಸಿ. ಬಹಳ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಎಡಗಡೆಯ ಡಬ್ಬಿಯ ಹಿಂದೆ ಇರುತ್ತದೆ, ಕೈಯಿಂದಲೇ ತೆಗೆಯಬಹುದು. ಆಮೇಲೆ ಬೂದಿಯ ಡಬ್ಬಿ, ಸೀಟಿನ ಸಂದಿ, ಗಾಜಿನ ಒಳಮೈ. ಗಾಜಿನ ಮೇಲೆ ಕೂತ ಮಬ್ಬು ಪೊರೆ ಟಾರ್‌ನದೇ. ಛಾವಣಿಯ ಬಟ್ಟೆಯನ್ನು ಎಲ್ಲರೂ ಮರೆಯುತ್ತಾರೆ. ಹೊಗೆ ಮೇಲಕ್ಕೇ ಹೋಗುವುದು, ಅಲ್ಲೇ ಹೆಚ್ಚು ಕೂತಿರುತ್ತದೆ. ಅದನ್ನು ನೊರೆಯಿಂದ ಮೆಲ್ಲಗೆ ಒರೆಸಿ. ನೆನೆಸಿದರೆ ಅಂಟು ಬಿಟ್ಟು ಬಟ್ಟೆ ತಲೆಯ ಮೇಲೆ ಜೋತುಬೀಳುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಸೌಮ್ಯ ಸೋಪಿನಲ್ಲಿ ಮಾತ್ರ ಒರೆಸಿ, ಒಣಗಿದ ಮೇಲೆ ಒಳಗೆ ಬಿಡಿ. ಬ್ಲೀಚ್ ತಾಗಿದರೆ ಎಳೆಯ ಬಲ ಕುಗ್ಗುತ್ತದೆ. ಟಾರ್ಪಾಲಿನ ಛಾವಣಿಯ ಹಳೆಯ ಎಸ್ಟೇಟ್ ಜೀಪಾದರೆ ಛಾವಣಿಯನ್ನೇ ಹೊಸದು ಮಾಡಿಸಿ.

ಓಜೋನ್ ಯಂತ್ರ ಇಟ್ಟರೆ ಒಂದೇ ದಿನದಲ್ಲಿ ಹೋಗುತ್ತದೆ ಎಂದು ಕಾರು ತೊಳೆಯುವವರು ಹೇಳಿದರು.

ವಾಸನೆ ತಗ್ಗುತ್ತದೆ, ಆದರೆ ಓಜೋನ್ ಶ್ವಾಸಕೋಶವನ್ನು ಕೆಣಕುವ ಅನಿಲ. ರಬ್ಬರ್ ಬಿರುಕು ಬಿಡುತ್ತದೆ. ಅಂಟಿದ ನಿಕೋಟಿನ್ ಜೊತೆ ಸೇರಿ ಅತಿ ಸೂಕ್ಷ್ಮ ಕಣಗಳನ್ನು ಹೊಸದಾಗಿ ಹುಟ್ಟಿಸುತ್ತದೆ. ತೊಳೆಯದ ಕಾರಿಗೆ ಇದನ್ನು ಮಾಡಿಸಿದರೆ ಟಾರ್ ಅಲ್ಲಿಯೇ ಉಳಿದಿರುತ್ತದೆ. ಮಾಡಿಸಲೇಬೇಕೆಂದರೆ ಎಲ್ಲ ತೊಳೆದ ಮೇಲೆ, ಒಳಗೆ ಯಾರೂ ಇಲ್ಲದಾಗ, ಆಮೇಲೆ ಬಾಗಿಲುಗಳನ್ನು ಗಂಟೆಗಟ್ಟಲೆ ತೆರೆದಿಟ್ಟು. ಮನೆಯೊಳಗೆ ಬೇಡವೇ ಬೇಡ.

ಕಂಪ್ಯೂಟರ್ ಬಿಸಿಯಾದಾಗ ಸಿಗರೇಟು ವಾಸನೆ ಬರುತ್ತದೆ.

ಫ್ಯಾನಿನ ಮೇಲೆ ಧೂಳು ಟಾರ್ ಜೊತೆ ಸೇರಿ ಅಂಟಾಗಿ ಕೂತಿದೆ. ಪ್ಲಗ್ ತೆಗೆದು, ಬ್ರಷ್‌ನಿಂದ ಕೆರೆದು, ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ರೆಕ್ಕೆಗಳನ್ನು ಒರೆಸಿ. ಫ್ಯಾನ್ ಅಗ್ಗ, ಬದಲಾಯಿಸಿದರೂ ಆಯಿತು. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ನಾಟಕ ಕಂಪನಿಯವರಿಂದ ಬಂದ ಹಾರ್ಮೋನಿಯಂ. ತಿದಿ ಒತ್ತಿದರೆ ಮುಖಕ್ಕೆ ಹೊಗೆ ಬಡಿದಂತೆ ಆಗುತ್ತದೆ.

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಸುತ್ತಲಿನ ಗಾಳಿಯನ್ನು ಎಳೆದುಕೊಂಡು ನುಡಿಯುವ ವಾದ್ಯ. ಸೇದುವವರ ನಡುವೆ ಇದ್ದಷ್ಟು ಕಾಲವೂ ಅದೂ ಹೊಗೆಯನ್ನು ಎಳೆದಿದೆ. ಒಳಗೆ ಏನನ್ನೂ ಸಿಂಪಡಿಸಬೇಡಿ. ಹಿತ್ತಾಳೆಯ ರೀಡಿಗೆ ಹುಳಿ ತಾಗಿ ಕಿಲುಬು ಹಿಡಿದರೆ ಶ್ರುತಿ ಕೆಡುತ್ತದೆ. ಮೇಲಿನ ಹಲಗೆ ತೆಗೆದು ಮೃದು ಬ್ರಷ್‌ನಿಂದ ಧೂಳು ಹೊರಹಾಕಿ, ಕೀಲಿಮಣೆಯನ್ನು ಹಿಂಡಿದ ಬಟ್ಟೆಯಿಂದ ಒರೆಸಿ. ಒಣ ಹವೆಯ ದಿನಗಳಲ್ಲಿ ಜಗಲಿಯ ಮೇಲಿಟ್ಟು ದಿನವೂ ನುಡಿಸಿ; ಒಳಗಿನ ಗಾಳಿ ಬದಲಾಗುತ್ತಲೇ ಇರಲಿ. ರಾತ್ರಿ ಪೆಟ್ಟಿಗೆಯಲ್ಲಿ ಇದ್ದಿಲಿನ ಗಂಟು ಇಡಿ. ತಗ್ಗದಿದ್ದರೆ ದುರಸ್ತಿಯವರಿಂದ ತಿದಿಯ ಬಟ್ಟೆ ಮತ್ತು ಚರ್ಮವನ್ನು ಹೊಸದಾಗಿ ಹಾಕಿಸಿ, ವಾಸನೆಯ ಬಹುಪಾಲು ಅಲ್ಲೇ ಇರುತ್ತದೆ.

ಮಗುವಿಗೆ ಹಳೆಯ ತೊಟ್ಟಿಲು ತಂದಿದ್ದೇವೆ. ವಾಸನೆ ಇದೆ, ಅದು ಬರೀ ವಾಸನೆ ತಾನೇ?

ಬರೀ ವಾಸನೆಯಲ್ಲ. ಅಂಟಿದ ನಿಕೋಟಿನ್ ಮನೆಯ ಗಾಳಿಯಲ್ಲಿರುವ ನೈಟ್ರಸ್ ಆಮ್ಲದ ಜೊತೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೊಸಮೈನ್‌ಗಳಾಗುತ್ತವೆ ಎಂಬುದನ್ನು ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು 2010ರಲ್ಲಿ ತೋರಿಸಿದರು. ದೊಡ್ಡವರು ಮೇಜನ್ನು ನೆಕ್ಕುವುದಿಲ್ಲ, ಮಗು ತೊಟ್ಟಿಲ ಅಂಚನ್ನು ಕಚ್ಚುತ್ತದೆ. ಮರದ ತೊಟ್ಟಿಲನ್ನು ಪೂರ್ತಿ ಕೆರೆದು, ತೊಳೆದು, ಒಣಗಿಸಿ ಬಳಸಬಹುದು. ಅದರ ಹಾಸಿಗೆ, ಬಟ್ಟೆಯ ಗೊಂಬೆ, ಸ್ಪಂಜಿನ ಅಂಚುಪಟ್ಟಿ ಇವನ್ನು ಇಟ್ಟುಕೊಳ್ಳಬೇಡಿ, ಎಷ್ಟೇ ಅಗ್ಗವಾಗಿ ಬಂದಿರಲಿ.

ಎಲ್ಲ ಮಾಡಿದೆ, ತೊಂಬತ್ತು ಪಾಲು ಹೋಗಿದೆ. ಈಗ ಮಾರುವಾಗ ಕೊಳ್ಳುವವರಿಗೆ ಹೇಳಬೇಕೇ?

ಹೇಳಿ. ನಾನು ಚೀಟಿಯಲ್ಲೇ ಬರೆದು ಅಂಟಿಸುತ್ತೇನೆ: ಹೊಗೆ ವಾಸನೆ ಇತ್ತು, ತೊಳೆದಿದೆ, ಒಳಗೆ ಅರಗು ಹಚ್ಚಿದೆ. ಒಂದಷ್ಟು ಜನ ಓದಿ ಹೊರಟುಹೋಗುತ್ತಾರೆ. ಉಳಿದವರು ಡ್ರಾಯರ್ ಎಳೆದು, ಮೂಸಿ, ಬೆಲೆ ಇಳಿಸಿ ಕೇಳುತ್ತಾರೆ. ಸೇದುವವರೇ ಕೊಳ್ಳಲು ಬಂದರೆ ಕೆಲಸ ಸುಲಭ, ಅವರಿಗೆ ಏನೂ ತಿಳಿಯುವುದಿಲ್ಲ. ಆದರೂ ಚೀಟಿ ಕೀಳಬೇಡಿ, ಮನೆಯಲ್ಲಿ ಇನ್ನೊಂದು ಮೂಗು ಇರುತ್ತದೆ.